ಬಿಎಂಎಸ್ ಹೋಗಿದೆ ಅನ್ನುವ ಮೊದಲು: ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಯಲ್ಲಿ ದೋಷ ಹುಡುಕುವ ಬಗೆ

ಹೋದ ಮಳೆಗಾಲದಲ್ಲಿ ದಾವಣಗೆರೆಯ ನಮ್ಮ ಶೆಡ್ಡಿಗೆ ಹಾಲು ಹಾಕುವ ಯಜಮಾನರೊಬ್ಬರು ಸ್ಕೂಟರ್ ತಳ್ಳಿಕೊಂಡು ಬಂದರು. ಸೀಟಿನ ಎರಡೂ ಕಡೆ ಖಾಲಿ ಕ್ಯಾನು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಇನ್ನೂ ಸೀಲ್ ಒಡೆಯದ ಹೊಸ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬೋರ್ಡು.

"ಬಿಎಂಎಸ್ ಹೋಗೇತಂತೆ ತಮ್ಮಾ. ಬೋರ್ಡು ನಾನೇ ತಂದೀನಿ, ಹಾಕಿಕೊಟ್ಬಿಡು."

ಇನ್ನೊಂದು ಕಡೆ ತೋರಿಸಿದ್ದರಂತೆ. ಪ್ಯಾಕ್ ಬಿಚ್ಚದೆ, ಮೀಟರ್ ಹಿಡಿಯದೆ, ಹಾಗಂತ ಹೇಳಿ ಕಳಿಸಿದ್ದರು.

"ಬೋರ್ಡು ಇರ್ಲಿ ಯಜಮಾನ್ರೆ, ಏನಾಗ್ತೈತಿ ಅದನ್ನ ಹೇಳ್ರಿ ಮೊದ್ಲು."

"ಹಂಪ್ ಹತ್ತಿ ಇಳಿದ ಕೂಡ್ಲೆ ಬಂದ್ ಆಗ್ತೈತಿ. ಕೀ ತೆಗೆದು ಹಾಕಿದ್ರೆ ಮತ್ತ ಹೊಂಡ್ತೈತಿ. ರಾತ್ರಿ ಚಾರ್ಜಿಗೆ ಹಾಕಿದ್ರೆ ಎಪ್ಪತ್ತಕ್ಕೇ ನಿಂತ್ಬಿಡ್ತೈತಿ."

ಆ ಎರಡು ಮಾತಿನಲ್ಲಿ ಅರ್ಧ ಉತ್ತರ ಇತ್ತು. ಉಳಿದರ್ಧ ಹೇಗೆ ಸಿಕ್ಕಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಸಾಲಾಗಿ ಜೋಡಿಸಿದ ಸೆಲ್ಲುಗಳ ಇಡೀ ಬ್ಯಾಟರಿಯೇ ಪ್ಯಾಕ್; ಸೆಲ್ಲುಗಳ ವೋಲ್ಟೇಜ್, ಕರೆಂಟ್, ಉಷ್ಣತೆ ನೋಡುತ್ತ ಅಪಾಯ ಕಂಡರೆ ತಡೆಯುವ ಬಿಎಂಎಸ್ ಅಂದರೆ ಆ ಪ್ಯಾಕಿನ ಕಾವಲುಗಾರ. ಅದು ಗಾಡಿ ನಿಲ್ಲಿಸಿದೆ ಅಂದರೆ ಹತ್ತರಲ್ಲಿ ಬಹುಪಾಲು ಸಲ ಏನನ್ನೋ ಕಂಡು ಹೆದರಿ ನಿಲ್ಲಿಸಿರುತ್ತದೆ. ಏನನ್ನು ಕಂಡಿತು ಅಂತ ತಿಳಿಯದೆ ಕಾವಲುಗಾರನನ್ನೇ ಬದಲಿಸಿದರೆ ಹೊಸಬನೂ ಅದನ್ನೇ ಕಂಡು ಅಲ್ಲೇ ನಿಲ್ಲಿಸುತ್ತಾನೆ. ದುಡ್ಡು ಮಾತ್ರ ಹೋಗುತ್ತದೆ.

ಈ ಬರಹ 48ರಿಂದ 72 ವೋಲ್ಟಿನ ಸ್ಕೂಟರ್ ಮತ್ತು ಸಣ್ಣ ಲೋಡ್ ಗಾಡಿಗಳ ಪ್ಯಾಕಿಗೆ ಸಂಬಂಧಿಸಿದ್ದು. ಮಲ್ಟಿಮೀಟರ್ ಹಿಡಿಯಲು ಬರುವ ಮೆಕ್ಯಾನಿಕ್‌ಗಳಿಗೆ, ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗ ಹುಡುಗಿಯರಿಗೆ ಬರೆದದ್ದು. ನಿಮ್ಮ ಗಾಡಿ ವಾರಂಟಿಯಲ್ಲಿದ್ದರೆ ಪ್ಯಾಕ್ ಬಿಚ್ಚಬೇಡಿ. ಹೊರಗಿನಿಂದ ಮಾಡಬಹುದಾದ ಪರೀಕ್ಷೆಗಳನ್ನು ಮಾಡಿ, ಬರೆದುಕೊಂಡು, ಕಂಪನಿಯ ಸರ್ವೀಸಿಗೆ ಹೋಗಿ. ಅಂಕಿ ಹಿಡಿದು ಮಾತಾಡುವ ಗಿರಾಕಿಗೆ ಉತ್ತರ ಬೇಗ ಸಿಗುತ್ತದೆ.

ಕೈ ಹಾಕುವ ಮೊದಲು

ಉಂಗುರ, ವಾಚು, ಕೈಬಳೆ, ಕೊರಳ ಸರ ತೆಗೆದಿಡಿ. 50 ವೋಲ್ಟು ಒಣ ಕೈಗೆ ಅಷ್ಟಾಗಿ ಹೊಡೆಯದೆ ಇರಬಹುದು, ಆದರೆ ಪ್ಯಾಕಿನ ಪ್ಲಸ್ ಮೈನಸ್ ನಡುವೆ ಉಂಗುರ ಸಿಕ್ಕಿಕೊಂಡರೆ ನೂರಾರು ಆಂಪಿಯರ್ ಹರಿದು ಲೋಹ ಕೆಂಪಗಾಗುತ್ತದೆ. ಸ್ಪ್ಯಾನರಿಗೆ, ಸ್ಕ್ರೂಡ್ರೈವರಿಗೆ ತುದಿ ಬಿಟ್ಟು ಇನ್‌ಸುಲೇಶನ್ ಟೇಪ್ ಸುತ್ತಿ. ಮೀಟರಿನ ಕೆಂಪು ಪ್ರೋಬ್ ಆಂಪಿಯರ್ ತೂತಿನಲ್ಲಿ ಇಲ್ಲ ಅಂತ ಪ್ರತಿ ಸಲವೂ ನೋಡಿಕೊಳ್ಳಿ. ನಾನು ನೋಡಿದ ಅಪಘಾತಗಳಲ್ಲಿ ಹೆಚ್ಚಿನವು ಅಲ್ಲೇ ಶುರುವಾದವು.

ಸೆಲ್ ಉಬ್ಬಿದ್ದರೆ, ಥಿನ್ನರಿನಂಥ ಸಿಹಿ ಘಾಟು ಬರುತ್ತಿದ್ದರೆ, ಮುಟ್ಟಿದರೆ ಒಂದು ಭಾಗ ಮಾತ್ರ ಬಿಸಿ ಇದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಲಿ. ಪ್ಯಾಕನ್ನು ಬಯಲಿಗೆ, ಗೋಡೆ ಮತ್ತು ಬೇರೆ ಗಾಡಿಗಳಿಂದ ದೂರ ಒಯ್ಯಿರಿ. ಲಿಥಿಯಂ ಸೆಲ್ಲಿಗೆ ಬೆಂಕಿ ಹತ್ತಿದರೆ ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಜ್ವಾಲೆ ಆರಿಸಬಹುದು, ಒಳಗಿನ ಕಾವನ್ನು ಇಳಿಸುವುದಿಲ್ಲ. ಪಕ್ಕದ ಸೆಲ್ ಮತ್ತೆ ಹತ್ತಿಕೊಳ್ಳುತ್ತದೆ. ತಣಿಸಲು ಬೇಕಾಗುವುದು ನೀರು, ಅದೂ ಧಾರಾಳವಾಗಿ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆಯೇ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ಸುರಕ್ಷತೆಯ ಮಾನದಂಡವನ್ನು ಬಿಗಿ ಮಾಡಿದ್ದು. ಅದರ ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು.

ಇದನ್ನೂ ತಿಳಿದಿರಿ: ಇನ್ವರ್ಟರ್ ಬ್ಯಾಟರಿ ಕೆಲಸದಿಂದ ಬಂದವರಿಗೆ "ಸ್ವಲ್ಪ ಹೆಚ್ಚು ಚಾರ್ಜ್ ಮಾಡಿದರೆ ಎಲ್ಲ ಸಮ ಆಗುತ್ತದೆ" ಅನ್ನುವ ರೂಢಿ ಇರುತ್ತದೆ. ಸೀಸದ ಬ್ಯಾಟರಿಯಲ್ಲಿ ಅದು ಒಂದು ಮಟ್ಟಿಗೆ ನಿಜ, ತುಂಬಿದ ಸೆಲ್ ಗ್ಯಾಸ್ ಬಿಡುತ್ತ ಕೂತಿರುತ್ತದೆ, ಹಿಂದುಳಿದದ್ದು ತುಂಬಿಕೊಳ್ಳುತ್ತದೆ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಎಲೆಕ್ಟ್ರಿಕ್ ಕಾರಿನಲ್ಲಿ ಇದ್ದದ್ದೂ ಸೀಸದ ಬ್ಯಾಟರಿಯೇ. ಲಿಥಿಯಂ ಸೆಲ್ಲಿಗೆ ಆ ತಾಳ್ಮೆ ಇಲ್ಲ. ತುಂಬಿದ ಮೇಲೂ ತುಂಬಿದರೆ ಅದು ಕೆಡುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ. ಬಿಎಂಎಸ್ ಇರುವುದೇ ಅದಕ್ಕಾಗಿ.

ಮೊದಲ ಹೆಜ್ಜೆ: ಓಡಿಸುವವರನ್ನು ಕೇಳಿ

ಸಮಾಧಾನದಿಂದ ಹತ್ತು ನಿಮಿಷ ಕೇಳಿದರೆ ಎರಡು ಗಂಟೆಯ ಬಿಚ್ಚುವ ಕೆಲಸ ಉಳಿಯುತ್ತದೆ. ಯಾವಾಗ ನಿಲ್ಲುತ್ತದೆ ಅನ್ನುವುದೇ ಮುಖ್ಯ ಪ್ರಶ್ನೆ.

ಏರಿನಲ್ಲಿ, ಇಬ್ಬರು ಕೂತಾಗ, ಪೂರ್ತಿ ಎಕ್ಸಲೇಟರ್ ತಿರುವಿದಾಗ ನಿಲ್ಲುತ್ತದೆ ಅಂದರೆ ಯಾವುದೋ ಒಂದು ಸೆಲ್ ಲೋಡಿಗೆ ಕುಸಿಯುತ್ತಿದೆ, ಇಲ್ಲವೇ ಕರೆಂಟ್ ಮಿತಿ ಮೀರುತ್ತಿದೆ. ಹಂಪು, ಗುಂಡಿಗಳಲ್ಲಿ ನಿಂತರೆ ಎಲ್ಲೋ ಸಡಿಲ. ಶೇಕಡಾ 35 ಇದ್ದದ್ದು ಇದ್ದಕ್ಕಿದ್ದಂತೆ 5ಕ್ಕೆ ಇಳಿದರೆ ಲೆಕ್ಕ ತಪ್ಪಿದೆ ಅಥವಾ ಒಂದು ಸೆಲ್ ಉಳಿದವಕ್ಕಿಂತ ಮೊದಲೇ ಬರಿದಾಗುತ್ತಿದೆ. ಚಾರ್ಜಿಂಗ್ ನಡುವೆಯೇ ನಿಂತರೆ ಒಂದು ಸೆಲ್ ಮೊದಲೇ ತುಂಬಿದೆ, ಅಥವಾ ತುಂಬಿದೆ ಅಂತ ಬಿಎಂಎಸ್ ಅಂದುಕೊಂಡಿದೆ. ಎರಡು ತಿಂಗಳು ನಿಲ್ಲಿಸಿಟ್ಟ ಗಾಡಿ ಏಳುತ್ತಲೇ ಇಲ್ಲ ಅಂದರೆ ಪ್ಯಾಕ್ ತಳ ಕಂಡಿದೆ.

ಕೆಲವು ದೋಷಗಳು ದೋಷಗಳೇ ಅಲ್ಲ. ರಾಯಚೂರು, ಕಲಬುರಗಿ ಕಡೆಯ ಮೇ ತಿಂಗಳ ಮಧ್ಯಾಹ್ನ ಗಾಡಿ ಓಡಿಸಿ ಬಂದು ಬಿಸಿಲಲ್ಲೇ ಚಾರ್ಜಿಗೆ ಹಾಕಿದರೆ ಅದು ಚಾರ್ಜ್ ತಗೊಳ್ಳದಿರುವುದು ಸರಿಯೇ; ಸಾಮಾನ್ಯವಾಗಿ ಸೆಲ್ಲಿನ ಉಷ್ಣತೆ 45ರಿಂದ 55 ಡಿಗ್ರಿ ದಾಟಿದರೆ ಬಿಎಂಎಸ್ ಚಾರ್ಜಿಂಗ್ ತಡೆಯುತ್ತದೆ. ಒಂದು ತಾಸು ನೆರಳಲ್ಲಿ ಬಿಟ್ಟು ನೋಡಿ. ಇನ್ನೊಂದು, ಮಲೆನಾಡಿನವರಿಗೆ: ಗುಡ್ಡದ ಮೇಲಿನ ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಜಾರಿನಲ್ಲಿ ಹೊರಟಾಗ ಗಾಡಿ ಬಂದ್ ಆಗುತ್ತದೆಯೇ? ಬ್ರೇಕ್ ಹಿಡಿದಾಗ ಮೋಟಾರ್ ಕರೆಂಟನ್ನು ವಾಪಸ್ ಬ್ಯಾಟರಿಗೆ ತಳ್ಳುವ ಗಾಡಿಯಾದರೆ, ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ ಆಗುತ್ತದೆ. ಅಂಥವರು ಶೇಕಡಾ 90ಕ್ಕೆ ನಿಲ್ಲಿಸಿದರೆ ಸಾಕು, ಯಾವ ರಿಪೇರಿಯೂ ಬೇಡ.

ಎರಡನೆಯದು: ಪ್ಯಾಕಿನ ಹೊರಗೆ

ಚಾರ್ಜರ್, ಚಾರ್ಜಿಂಗ್ ಸಾಕೆಟ್, ಫ್ಯೂಸ್, ಎಂಸಿಬಿ, ಕೀ ಸ್ವಿಚ್, ಪ್ಯಾಕಿನ ವೋಲ್ಟೇಜನ್ನು ಲೈಟು, ಹಾರ್ನಿಗೆ ಇಳಿಸಿ ಕೊಡುವ ಡಿಸಿ ಕನ್ವರ್ಟರ್. ಇಷ್ಟನ್ನು ಇದೇ ಕ್ರಮದಲ್ಲಿ ನೋಡಿ. ಚಾರ್ಜರಿನ ಮೇಲೆ ಬರೆದ ವೋಲ್ಟೇಜ್ ಹೊರಗೆ ಬರುತ್ತಿದೆಯೇ ಅಳೆಯಿರಿ. ಬ್ಯಾಟರಿಯ ಜೊತೆ ಮಾತಾಡಿದ ಮೇಲಷ್ಟೇ ವೋಲ್ಟೇಜ್ ಬಿಡುವ ಚಾರ್ಜರುಗಳೂ ಇವೆ, ಅವು ಖಾಲಿ ಇದ್ದಾಗ ಸೊನ್ನೆ ತೋರಿಸುತ್ತವೆ. ಅದನ್ನು ನೋಡಿ ಚಾರ್ಜರ್ ಸತ್ತಿದೆ ಅನ್ನಬೇಡಿ. ಕನೆಕ್ಟರ್ ಬಿಚ್ಚಿ ಪಿನ್ನುಗಳ ಬಣ್ಣ ನೋಡಿ. ಕಪ್ಪಗಾಗಿದ್ದರೆ, ಪ್ಲಾಸ್ಟಿಕ್ ಕರಗಿ ಬಾಗಿದ್ದರೆ ಅಲ್ಲಿ ಕಾವು ಹುಟ್ಟಿದೆ.

ಮೂರನೆಯದು: ಬಿಎಂಎಸ್ ತಡೆದಿದೆಯೇ, ಇಲ್ಲವೇ

ಪ್ಯಾಕ್ ತೆರೆದ ಮೇಲೆ ಬೋರ್ಡಿನಲ್ಲಿ ಎರಡು ದಪ್ಪ ವಯರ್ ಕಾಣುತ್ತವೆ. ಸೆಲ್ಲುಗಳ ಮೈನಸ್ ಬಂದು ಸೇರುವುದು ಬಿ ಮೈನಸ್, ಗಾಡಿಗೆ ಹೋಗುವುದು ಪಿ ಮೈನಸ್. ಇವೆರಡರ ನಡುವೆ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳ ಸಾಲು ಬಾಗಿಲಿನಂತೆ ನಿಂತಿದೆ; ಚಾರ್ಜಿಗೆ ಒಂದು ಬಾಗಿಲು, ಗಾಡಿಗೆ ಕರೆಂಟ್ ಬಿಡಲು ಇನ್ನೊಂದು. ಮೀಟರನ್ನು ಡಿಸಿ ವೋಲ್ಟಿಗಿಟ್ಟು ಒಂದು ಪ್ರೋಬ್ ಬಿ ಮೈನಸ್ಸಿಗೆ, ಇನ್ನೊಂದು ಪಿ ಮೈನಸ್ಸಿಗೆ ಹಿಡಿಯಿರಿ, ಗಾಡಿಯ ಲೈಟ್ ಹಾಕಿ.

ಕೆಲವೇ ಮಿಲಿವೋಲ್ಟ್ ಕಂಡರೆ ಬಾಗಿಲು ತೆರೆದಿದೆ, ತೊಂದರೆ ಮುಂದೆ ಎಲ್ಲೋ ಇದೆ. ಪ್ಯಾಕಿನ ಹತ್ತಿರ ಹತ್ತಿರ ಪೂರ್ತಿ ವೋಲ್ಟೇಜ್ ಅಲ್ಲೇ ಕಂಡರೆ ಬಾಗಿಲು ಮುಚ್ಚಿದೆ. ಸುಮಾರು 0.6 ವೋಲ್ಟ್ ಕಂಡರೆ ಎರಡು ಬಾಗಿಲಲ್ಲಿ ಒಂದು ಮುಚ್ಚಿದೆ, ಕರೆಂಟು ಮಾಸ್‌ಫೆಟ್ಟಿನೊಳಗಿನ ಡಯೋಡ್ ಮೂಲಕ ನುಸುಳುತ್ತಿದೆ. ಹಾಗೇ ಓಡಿಸಿದರೆ ಬೋರ್ಡು ಬಿಸಿಯಾಗುತ್ತದೆ.

ಇಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ಬಾಗಿಲು ಮುಚ್ಚಿದ್ದರೂ ಪ್ಯಾಕಿನ ಹೊರಗಿನ ತುದಿಯಲ್ಲಿ ಮೀಟರ್ 30, 40 ವೋಲ್ಟ್ ತೋರಿಸಬಹುದು. ಅದು ಸೋರಿಕೆ, ಮೀಟರಿಗೆ ಕಾಣುವಷ್ಟೇ, ಕೆಲಸಕ್ಕೆ ಬಾರದು. ಒಂದು ಬಲ್ಬಿನ ಲೋಡ್ ಕೊಟ್ಟರೆ ತಟ್ಟನೆ ಸೊನ್ನೆಗಿಳಿಯುತ್ತದೆ. ಆದ್ದರಿಂದ ಲೋಡ್ ಇಲ್ಲದೆ ಅಳೆದದ್ದನ್ನು ನಂಬಬೇಡಿ.

ನಾಲ್ಕನೆಯದು: ಒಂದೊಂದೇ ಸೆಲ್

ಇಡೀ ಕೆಲಸದ ಜೀವ ಇಲ್ಲಿದೆ. ಆತುರ ಬೇಡ.

ಮೊದಲು ಯಾವ ಜಾತಿಯ ಸೆಲ್ ಅಂತ ಗೊತ್ತಿರಬೇಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ 3.2 ವೋಲ್ಟಿನದು, ತುಂಬಿದಾಗ 3.65, ಕೆಳಮಿತಿ 2.5. ಎನ್‌ಎಂಸಿ (ನಿಕ್ಕಲ್ ಮ್ಯಾಂಗನೀಸ್ ಕೋಬಾಲ್ಟ್) 3.6ರಿಂದ 3.7 ವೋಲ್ಟಿನದು, ತುಂಬಿದಾಗ 4.2, ಕೆಳಮಿತಿ ಸುಮಾರು 2.8ರಿಂದ 3. ಹದಿನಾರು ಎಲ್‌ಎಫ್‌ಪಿ ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ತುಂಬಿದಾಗ 58.4. ಹದಿನಾಲ್ಕು ಎನ್‌ಎಂಸಿ ಜೋಡಿಸಿದರೆ ತುಂಬಿದಾಗ 58.8. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದ ಒಂದರ ಬಿಎಂಎಸ್ಸನ್ನು ಇನ್ನೊಂದಕ್ಕೆ ಹಾಕುವ ಅಪಾಯ ನಿಜಕ್ಕೂ ಇದೆ.

ಬೋರ್ಡಿಗೆ ಹೋಗುವ ತೆಳು ವಯರ್‌ಗಳ ಗೊಂಚಲೇ ಸೆನ್ಸ್ ವಯರ್‌ಗಳು; ಬಿಎಂಎಸ್ ಒಂದೊಂದು ಸೆಲ್ಲಿನ ವೋಲ್ಟೇಜ್ ನೋಡುವುದು ಇವುಗಳಿಂದಲೇ. ಹದಿನಾರು ಸೆಲ್ಲಿಗೆ ಹದಿನೇಳು. ಅಕ್ಕಪಕ್ಕದ ಎರಡು ಪಿನ್ ನಡುವೆ ಅಳೆದರೆ ಒಂದು ಸೆಲ್ಲಿನ ವೋಲ್ಟೇಜ್. ನೋಟ್‌ಬುಕ್ಕಿನಲ್ಲಿ 1ರಿಂದ 16 ಬರೆದು ಒಂದೊಂದಾಗಿ ತುಂಬಿಸಿ. ಮೊದಲ ಸಲ ಗಾಡಿ ಅರ್ಧ ತಾಸು ಸುಮ್ಮನೆ ನಿಂತಿದ್ದಾಗ, ಎರಡನೆಯ ಸಲ ಲೋಡ್ ಇದ್ದಾಗ, ಮೂರನೆಯ ಸಲ ಚಾರ್ಜಿಂಗ್ ಮುಗಿಯುವ ಹೊತ್ತಿಗೆ. ಮೂರು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ಯಾಕು ತನ್ನ ಕಥೆ ತಾನೇ ಹೇಳುತ್ತದೆ.

ಲೋಡಿಗೆ ನಾನು ಬಳಸುವುದು 12 ವೋಲ್ಟ್ 100 ವ್ಯಾಟಿನ ಹ್ಯಾಲೋಜನ್ ಹೆಡ್‌ಲೈಟ್ ಬಲ್ಬುಗಳು. ನಾಲ್ಕನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟಿನ ಪ್ಯಾಕಿಗೆ ಎಂಟು ಆಂಪಿಯರ್ ಲೋಡ್. ಅಂಥ ಎರಡು ಸಾಲು ಹಾಕಿದರೆ ಹದಿನಾರು. ಸುಡುವಷ್ಟು ಕಾಯುತ್ತವೆ, ಗ್ರಾನೈಟ್ ತುಂಡಿನ ಮೇಲಿಡಿ. ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದರೆ ಲೋಡ್ ಆಗುವುದಿಲ್ಲ.

ಈಗ ಅಂಕಿಗಳನ್ನು ಓದುವುದು. ಒಂದು ಸೆಲ್ ನಿಂತಿದ್ದಾಗ ಉಳಿದವುಗಳಂತೆಯೇ 3.30 ತೋರಿಸಿ, ಲೋಡ್ ಕೊಟ್ಟಾಗ ಉಳಿದವು 3.2ರ ಆಸುಪಾಸಿನಲ್ಲಿರುವಾಗ ಅದೊಂದೇ 2.6ಕ್ಕೆ ಬಿದ್ದರೆ ಅದರ ಒಳ ಪ್ರತಿರೋಧ ಏರಿದೆ, ಅಥವಾ ಅದನ್ನು ಪಕ್ಕದ ಸೆಲ್ಲಿಗೆ ಜೋಡಿಸುವ ನಿಕ್ಕಲ್ ಪಟ್ಟಿಯ ವೆಲ್ಡ್ ಬಿಟ್ಟಿದೆ. ಯಾವುದು ಅಂತ ತಿಳಿಯಲು, ಲೋಡ್ ಇರುವಾಗಲೇ, ಪ್ರೋಬನ್ನು ಪಟ್ಟಿಯ ಮೇಲಿಟ್ಟು ಒಮ್ಮೆ, ಸೆಲ್ಲಿನ ಟರ್ಮಿನಲ್ ಮೇಲೆಯೇ ಇಟ್ಟು ಒಮ್ಮೆ ಅಳೆಯಿರಿ. ಎರಡರಲ್ಲಿ ವ್ಯತ್ಯಾಸ ಬಂದರೆ ವೆಲ್ಡು, ಬರದಿದ್ದರೆ ಸೆಲ್ಲು.

ಒಂದು ಸೆಲ್ ಚಾರ್ಜಿನ ಕೊನೆಯಲ್ಲಿ ಎಲ್ಲಕ್ಕಿಂತ ಮೇಲೆ, ಖಾಲಿಯಾಗುವಾಗ ಎಲ್ಲಕ್ಕಿಂತ ಕೆಳಗೆ ಇದ್ದರೆ ಅದರ ಸಾಮರ್ಥ್ಯ ಕುಗ್ಗಿದೆ. ಸಣ್ಣ ಪಾತ್ರೆ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಅದನ್ನು ಬ್ಯಾಲೆನ್ಸ್ ಮಾಡಿ, ಅಂದರೆ ಎಲ್ಲ ಸೆಲ್ಲುಗಳ ಚಾರ್ಜ್ ಸಮ ಮಾಡಿ, ಸರಿಪಡಿಸಲಾಗದು, ಬದಲಿಸಬೇಕು. ಆದರೆ ಎರಡೂ ಹೊತ್ತಿನಲ್ಲಿ ಕೆಳಗೇ ಇದ್ದರೆ ಸೆಲ್ ಚೆನ್ನಾಗಿಯೇ ಇರಬಹುದು, ಹಿಂದೆ ಬಿದ್ದಿದೆ ಅಷ್ಟೇ. ಸಮ ಮಾಡಿ, ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಮತ್ತೆ ಅದೊಂದೇ ಇಳಿದಿದ್ದರೆ ಒಳಗೆ ಸೋರುತ್ತಿದೆ, ಆ ಸೆಲ್ಲನ್ನು ಗಾಡಿಯಲ್ಲಿ ಇಟ್ಟುಕೊಳ್ಳಬೇಡಿ.

ಇನ್ನೊಂದು ಬಗೆಯದೇ ಹಾಲಿನ ಯಜಮಾನರದು. ಅವರ ಪ್ಯಾಕ್ ಹದಿನಾರು ಸೆಲ್ಲಿನ ಎಲ್‌ಎಫ್‌ಪಿ, 30 ಆಂಪಿಯರ್ ಅವರ್. ಬ್ಲೂಟೂತ್ ಇದ್ದ ಬೋರ್ಡು, ಫೋನಿನಲ್ಲಿ ಆ್ಯಪ್ ತೆರೆದೆ. ಹದಿನಾಲ್ಕು ಸೆಲ್ಲುಗಳು 3.31ರ ಹತ್ತಿರ. ಒಂಬತ್ತನೆಯದು 2.94. ಹತ್ತನೆಯದು 3.68. ಬಿಎಂಎಸ್ ಕಣ್ಣಿಗೆ ಒಂದು ಸೆಲ್ ಬರಿದಾಗುತ್ತಿದೆ, ಪಕ್ಕದ್ದು ಉಕ್ಕುತ್ತಿದೆ. ಹತ್ತನೆಯದು 3.65 ದಾಟಿದ್ದಕ್ಕೆ ಚಾರ್ಜಿಂಗ್ ಬಂದ್.

2.94 ಮತ್ತು 3.68 ಕೂಡಿಸಿ. 6.62. ಎರಡರಿಂದ ಭಾಗಿಸಿ. 3.31.

ಅಕ್ಕಪಕ್ಕದ ಎರಡು ಸೆಲ್ಲುಗಳಲ್ಲಿ ಒಂದು ಎಷ್ಟು ಇಳಿದಿದೆಯೋ ಇನ್ನೊಂದು ಅಷ್ಟೇ ಏರಿದ್ದರೆ, ಕೂಡಿಸಿದ ಮೊತ್ತ ಉಳಿದ ಎರಡು ಸೆಲ್ಲಿನಷ್ಟೇ ಇದ್ದರೆ, ಸೆಲ್ಲುಗಳನ್ನು ದೂರಬೇಡಿ. ಅವೆರಡರ ನಡುವಿನ ಒಂದೇ ಒಂದು ಸೆನ್ಸ್ ವಯರ್ ಕೆಟ್ಟಿದೆ. ನಡುಗಂಬ ವಾಲಿದರೆ ಒಂದು ಅಂಕಣ ಕಿರಿದಾಗಿ ಇನ್ನೊಂದು ಅಗಲವಾಗುವ ಹಾಗೆ. ಇದೊಂದು ಲೆಕ್ಕ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಸೆಲ್ಲುಗಳು ಗುಜರಿಗೆ ಹೋಗಿವೆ.

ಪ್ರೋಬನ್ನು ನೇರ ಸೆಲ್ಲಿನ ತುದಿಗಿಟ್ಟೆ. ಒಂಬತ್ತಕ್ಕೂ 3.31, ಹತ್ತಕ್ಕೂ 3.31. ಸೆನ್ಸ್ ಕನೆಕ್ಟರನ್ನು ಕಳಚಿ ಅದರ ಪಿನ್ನಿನಲ್ಲಿ ಅಳೆದೆ. ಅಲ್ಲೂ ಸರಿ ಬಂತು! ಎಚ್ಚರವಿರಬೇಕಾದ್ದು ಇಲ್ಲೇ. ಕನೆಕ್ಟರ್ ಕಳಚಿದಾಗ ಆ ವಯರಿನಲ್ಲಿ ಕರೆಂಟೇ ಹರಿಯುವುದಿಲ್ಲ, ಮೀಟರ್ ಎಳೆಯುವುದು ಅತ್ಯಲ್ಪ; ಹಾಗಾಗಿ ಕೆಟ್ಟ ಜೋಡಣೆಯೂ ಒಳ್ಳೆಯದರಂತೆ ನಟಿಸುತ್ತದೆ. ಕನೆಕ್ಟರನ್ನು ಬೋರ್ಡಿಗೆ ಚುಚ್ಚಿದ ಸ್ಥಿತಿಯಲ್ಲೇ, ಹಿಂದಿನಿಂದ ತೆಳು ಸೂಜಿಪ್ರೋಬ್ ತೂರಿಸಿ ಅಳೆಯಬೇಕು. ಹಾಗೆ ಅಳೆದಾಗ 2.94 ಮರಳಿ ಬಂತು. ವಯರನ್ನು ಬೆರಳಲ್ಲಿ ಮೆಲ್ಲಗೆ ಅಲುಗಿಸಿದರೆ ಅಂಕಿ ಕುಣಿಯಿತು. ಹಂಪಿನ ಮೇಲೆ ಗಾಡಿ ನಿಲ್ಲುತ್ತಿದ್ದದ್ದು ಯಾಕೆ ಅಂತ ಯಜಮಾನರಿಗೂ ಆಗ ಮೀಟರಿನಲ್ಲೇ ಕಂಡಿತು.

ಟಾರ್ಚ್ ಹಿಡಿದು ನೋಡಿದೆವು. ಒಂಬತ್ತನೆಯ ಸೆಲ್ಲಿನ ಪ್ಲಸ್ ಪಟ್ಟಿಗೆ ವಯರ್ ಕೂರಿಸಿದ್ದ ಸಣ್ಣ ರಿಂಗ್ ಲಗ್ಗಿನ ಬುಡದಲ್ಲಿ, ವಯರಿನ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ತೊಳೆಯದ ತಾಮ್ರದ ಚೊಂಬಿನ ಕಂಠದಲ್ಲಿ ಕೂರುತ್ತದಲ್ಲ, ಅದೇ ಹಸಿರು. ಪ್ಯಾಕಿನ ಮುಚ್ಚಳದ ರಬ್ಬರ್ ಬೀಡಿಂಗ್ ಒಂದು ಮೂಲೆಯಲ್ಲಿ ಹಿಂದೆ ಯಾರೋ ಬಿಚ್ಚಿ ಹಾಕುವಾಗ ಮಡಚಿಕೊಂಡಿತ್ತು. ಮಳೆಯಲ್ಲಿ ದಿನಾ ಬೆಳಿಗ್ಗೆ ನಾಲ್ಕಕ್ಕೆ ಓಡುವ ಗಾಡಿ; ತೇವ ಅಲ್ಲಿಂದ ಒಳಗಿಳಿದಿದೆ.

ಐದನೆಯದು: ಉಷ್ಣತೆಯ ಸೆನ್ಸರ್

ಇದು ಸುಲಭ. ಸೆಲ್ಲುಗಳ ನಡುವೆ ಅಂಟಿಸಿದ ಅವರೆಕಾಳಿಗಿಂತ ಸಣ್ಣ ಕಪ್ಪು ಗುಂಡು, ಎರಡು ವಯರು. ಹೆಚ್ಚಿನವು 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸುತ್ತವೆ, ಬಿಸಿಯಾದಂತೆ ಇಳಿಯುತ್ತವೆ. 50 ಡಿಗ್ರಿಗೆ ಸುಮಾರು 4 ಕಿಲೋ ಓಮ್. ಕಳಚಿ ಅಳೆಯುತ್ತ ಬೆರಳ ನಡುವೆ ಹಿಡಿದರೆ ಅಂಕಿ ನಿಧಾನ ಇಳಿಯಬೇಕು. ಆ್ಯಪಿನಲ್ಲಿ ಮೈನಸ್ 40 ಡಿಗ್ರಿ ಕಂಡರೆ ವಯರ್ ತುಂಡಾಗಿದೆ ಅಂತ ತಿಳಿಯಿರಿ. ನಂಬಲಾಗದಷ್ಟು ಹೆಚ್ಚು ಕಂಡರೆ ಶಾರ್ಟ್. ಸೆನ್ಸರ್ ಸೆಲ್ಲಿನ ಮೈಗೆ ಅಂಟಿರದೆ ಗಾಳಿಯಲ್ಲಿ ನೇತಾಡುತ್ತಿದ್ದರೆ ಅಂಕಿ ಸರಿಯಾಗಿದ್ದರೂ ಪ್ರಯೋಜನವಿಲ್ಲ, ಅದನ್ನು ಮತ್ತೆ ಅಂಟಿಸಿ.

ಆರನೆಯದು: ಈಗ ಬೋರ್ಡನ್ನು ಅನುಮಾನಿಸಬಹುದು

ಸೆಲ್ಲು, ವಯರು, ಸೆನ್ಸರ್ ಎಲ್ಲ ಸರಿ ಇದ್ದೂ ಬಾಗಿಲು ಮುಚ್ಚಿಯೇ ಇದ್ದರೆ, ಇಲ್ಲವೇ ಮುಚ್ಚಬೇಕಾದಾಗ ಮುಚ್ಚದಿದ್ದರೆ, ಆಗ ಬೋರ್ಡಿನ ಸರದಿ. ಎರಡನೆಯದು ಹೆಚ್ಚು ಭಯಂಕರ, ಯಾಕೆಂದರೆ ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ. ಗಾಡಿ ಓಡುತ್ತದೆ, ಚಾರ್ಜ್ ಆಗುತ್ತದೆ, ಕಾವಲು ಮಾತ್ರ ಇಲ್ಲ. ಪರೀಕ್ಷೆ ಸರಳ: ಚಾರ್ಜರ್ ಹಾಕಿದ್ದಾಗ ಆ್ಯಪಿನಲ್ಲಿ ಚಾರ್ಜಿಂಗ್ ಆಫ್ ಮಾಡಿ. ಕರೆಂಟ್ ಸೊನ್ನೆಗೆ ಬರಬೇಕು. ಬರದಿದ್ದರೆ ಚಾರ್ಜ್ ಬದಿಯ ಮಾಸ್‌ಫೆಟ್ ಶಾರ್ಟ್ ಆಗಿದೆ. ಆ ಪ್ಯಾಕನ್ನು ಇನ್ನು ಒಂದು ರಾತ್ರಿಯೂ ಚಾರ್ಜಿಗೆ ಹಾಕಬೇಡಿ. ಆ್ಯಪ್ ಇಲ್ಲದ ಬೋರ್ಡಾದರೆ ಸೆನ್ಸ್ ಕನೆಕ್ಟರ್ ಮತ್ತು ಬಿ ಮೈನಸ್ ಎರಡೂ ಬಿಚ್ಚಿ, ಮೀಟರನ್ನು ಡಯೋಡ್ ಗುರುತಿಗಿಟ್ಟು, ಮಾಸ್‌ಫೆಟ್ಟಿನ ಡ್ರೈನ್ ಮತ್ತು ಸೋರ್ಸ್ ನಡುವೆ ಎರಡೂ ದಿಕ್ಕಿನಲ್ಲಿ ನೋಡಿ. ಒಂದು ದಿಕ್ಕಿನಲ್ಲಿ 0.4ರಿಂದ 0.6 ಬಂದು ಇನ್ನೊಂದರಲ್ಲಿ ಬರದಿದ್ದರೆ ಸರಿ. ಎರಡೂ ಕಡೆ ಸೊನ್ನೆ ಬಂದರೆ ಸತ್ತಿದೆ.

ಕ್ಯಾನ್ ಬಸ್ (ಗಾಡಿಯ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ಎರಡು ವಯರಿನ ಜಾಲ) ಇರುವ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿಗೂ ಬ್ಯಾಟರಿಗೂ ಮಾತು ನಿಂತರೂ ಗಾಡಿ ಹೊರಡುವುದಿಲ್ಲ. ಪವರ್ ತೆಗೆದು ಕ್ಯಾನ್‌ನ ಎರಡು ವಯರ್ ನಡುವೆ ಅಳೆದರೆ 60 ಓಮ್ ಬರಬೇಕು, ಎರಡು ತುದಿಯ 120 ಓಮ್ ರೆಸಿಸ್ಟರ್‌ಗಳು ಸೇರಿ. 120 ಬಂದರೆ ಒಂದು ಕಡೆ ತುಂಡು.

ಸೆಟ್ಟಿಂಗುಗಳನ್ನೂ ನೋಡಿ. ಎಲ್‌ಎಫ್‌ಪಿ ಪ್ಯಾಕಿನ ಬೋರ್ಡಿನಲ್ಲಿ ಯಾರೋ 4.2 ವೋಲ್ಟ್ ಮಿತಿ ಹಾಕಿಟ್ಟಿದ್ದನ್ನು ಕಂಡಿದ್ದೇನೆ. ಕೆಲವೊಮ್ಮೆ ಸೆಲ್ಲುಗಳ ಸಂಖ್ಯೆಯೇ ತಪ್ಪಿರುತ್ತದೆ.

ಬ್ಯಾಲೆನ್ಸಿಂಗಿನ ಲೆಕ್ಕ

"ಬಿಎಂಎಸ್ ಬ್ಯಾಲೆನ್ಸ್ ಮಾಡ್ತಿಲ್ಲ" ಅನ್ನುವ ದೂರು ಬಹಳ. ಹೆಚ್ಚಿನ ಸಲ ಅದು ಮಾಡುತ್ತಿರುತ್ತದೆ, ನಾವು ಸಮಯ ಕೊಟ್ಟಿರುವುದಿಲ್ಲ. ಸಾಮಾನ್ಯ ಬೋರ್ಡುಗಳು ತುಂಬಿದ ಸೆಲ್ಲಿನಿಂದ ಒಂದು ಸಣ್ಣ ರೆಸಿಸ್ಟರ್ ಮೂಲಕ ಕೆಲವು ಹತ್ತು ಮಿಲಿಆಂಪಿಯರನ್ನಷ್ಟೇ ಸುಡುತ್ತವೆ. 30 ಆಂಪಿಯರ್ ಅವರ್ ಪ್ಯಾಕಿನಲ್ಲಿ ಒಂದು ಸೆಲ್ ಶೇಕಡಾ 10 ಮುಂದಿದ್ದರೆ ಅದು 3 ಆಂಪಿಯರ್ ಅವರ್. 50 ಮಿಲಿಆಂಪಿಯರಿನಲ್ಲಿ ಇಳಿಸಲು 60 ಗಂಟೆ ಬೇಕು. ಅದೂ ಎಲ್‌ಎಫ್‌ಪಿಯಲ್ಲಿ ಸೆಲ್ 3.4 ವೋಲ್ಟ್ ದಾಟಿದ ಮೇಲಷ್ಟೇ ಹೆಚ್ಚಿನ ಬೋರ್ಡುಗಳು ಈ ಕೆಲಸ ಶುರು ಮಾಡುತ್ತವೆ. ದಿನಾ ಎಂಬತ್ತಕ್ಕೇ ಪ್ಲಗ್ ಕೀಳುವವರ ಪ್ಯಾಕಿಗೆ ಆ ಅವಕಾಶವೇ ಸಿಗುವುದಿಲ್ಲ.

ಎಲ್‌ಎಫ್‌ಪಿಯಲ್ಲಿ ಇನ್ನೊಂದು ಕಷ್ಟವಿದೆ. ಶೇಕಡಾ 20ರಿಂದ 80ರ ತನಕ ಅದರ ವೋಲ್ಟೇಜ್ ಹೆಚ್ಚುಕಡಿಮೆ ಸಮತಟ್ಟು, ಆದ್ದರಿಂದ ಎಷ್ಟು ಉಳಿದಿದೆ ಅಂತ ಬಿಎಂಎಸ್ ಹೋದ ಬಂದ ಕರೆಂಟನ್ನು ಎಣಿಸಿಯೇ ಹೇಳಬೇಕು. ಎಣಿಕೆ ದಿನದಿನಕ್ಕೆ ಚೂರುಚೂರು ತಪ್ಪುತ್ತದೆ, ಪೂರ್ತಿ ತುಂಬಿದಾಗ ಮಾತ್ರ ಸರಿಹೋಗುತ್ತದೆ. ಹಾಗಾಗಿ 35ರಿಂದ 5ಕ್ಕೆ ಜಿಗಿಯುವ ಗಾಡಿಗೆ ಮೊದಲ ಮದ್ದು: ಪೂರ್ತಿ ಚಾರ್ಜ್ ಮಾಡಿ, ಹಸಿರು ದೀಪ ಬಂದ ಮೇಲೂ ನೀವು ಎಚ್ಚರ ಇರುವ ಹೊತ್ತಿನಲ್ಲಿ ಮೂರು ನಾಲ್ಕು ತಾಸು ಪ್ಲಗ್‌ನಲ್ಲೇ ಬಿಡಿ. ವಾರಕ್ಕೊಮ್ಮೆ ಹೀಗೆ ಮಾಡಿ ಒಂದು ತಿಂಗಳು ನೋಡಿ.

ತಳ ಕಂಡ ಪ್ಯಾಕು

ಗಾಡಿ ನಿಂತಿದ್ದರೂ ಬಿಎಂಎಸ್ ತಾನು ಉಣ್ಣುತ್ತಲೇ ಇರುತ್ತದೆ. 10 ಮಿಲಿಆಂಪಿಯರ್ ಅಂತಿಟ್ಟುಕೊಳ್ಳಿ. ಅರವತ್ತು ದಿನಕ್ಕೆ 14.4 ಆಂಪಿಯರ್ ಅವರ್. ಅರ್ಧ ಚಾರ್ಜಿನಲ್ಲಿ ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದರೆ 30ರ ಪ್ಯಾಕು ಬರಿದು. ಸೆಲ್ಲುಗಳು 2ರಿಂದ 2.5 ವೋಲ್ಟ್ ನಡುವೆ ಇದ್ದರೆ, ಕರೆಂಟ್ ಮಿತಿ ಇಡಬಲ್ಲ ಬೆಂಚ್ ಸಪ್ಲೈಯಿಂದ ಒಂದೂವರೆ ಆಂಪಿಯರ್ ಮೀರದಂತೆ, ಪಕ್ಕದಲ್ಲೇ ಕೂತು, ಕೈಯಿಂದ ಮುಟ್ಟಿ ನೋಡುತ್ತ ಎತ್ತಬಹುದು. 2 ವೋಲ್ಟಿಗಿಂತ ಕೆಳಗೆ ಬಿದ್ದು ದಿನಗಟ್ಟಲೆ ಕೂತ ಸೆಲ್ಲನ್ನು ಎತ್ತಬೇಡಿ. ಒಳಗಿನ ತಾಮ್ರದ ಹಾಳೆ ಕರಗಿ ಬೇರೆಡೆ ಕೂತಿರುತ್ತದೆ. ಚಾರ್ಜ್ ಮಾಡಿದ ಮೇಲೆ ಒಳಗೇ ಶಾರ್ಟ್ ಆಗುವ ಅಪಾಯ ಉಳಿಯುತ್ತದೆ. ಯಾರು ಎಷ್ಟೇ ಬೇಡಿಕೊಂಡರೂ ನಾನು ಇದನ್ನು ಮಾಡುವುದಿಲ್ಲ. ಬಿಎಂಎಸ್ ಬೈಪಾಸ್ ಮಾಡಿ ಬಿ ಮೈನಸ್ಸಿಗೂ ಪಿ ಮೈನಸ್ಸಿಗೂ ಒಂದು ದಪ್ಪ ವಯರ್ ಎಳೆದು "ಸದ್ಯಕ್ಕೆ ಓಡಿಸ್ರಿ" ಅನ್ನುವುದನ್ನೂ ಮಾಡುವುದಿಲ್ಲ. ಆ ಗಾಡಿ ರಾತ್ರಿ ನಿಲ್ಲುವುದು ಯಾರದೋ ಮನೆಯ ಬಾಗಿಲಲ್ಲಿ, ಮಕ್ಕಳು ಮಲಗುವ ಕೋಣೆಯ ಪಕ್ಕದಲ್ಲಿ.

ಬೋರ್ಡು ನಿಜಕ್ಕೂ ಹೋಗಿದ್ದರೆ

ತೆಗೆಯುವಾಗ ಮೊದಲು ಸೆನ್ಸ್ ಕನೆಕ್ಟರ್, ಆಮೇಲೆ ಪಿ ಮೈನಸ್, ಕೊನೆಗೆ ಬಿ ಮೈನಸ್. ಹಾಕುವಾಗ ತಿರುಗಾಮುರುಗಾ: ಬಿ ಮೈನಸ್ ಮೊದಲು, ಸೆನ್ಸ್ ಕನೆಕ್ಟರ್ ಕೊನೆಗೆ. ಕನೆಕ್ಟರ್ ಚುಚ್ಚುವ ಮೊದಲು ಪಿನ್ನಿಂದ ಪಿನ್ನಿಗೆ ಅಳೆಯುತ್ತ ಹೋಗಿ; ಪ್ರತಿ ಹೆಜ್ಜೆಗೂ ಒಂದೇ ಸೆಲ್ಲಿನ ವೋಲ್ಟೇಜ್ ಏರಬೇಕು. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ದುಪ್ಪಟ್ಟು, ಅಥವಾ ಮೈನಸ್ ಗುರುತು ಬಂದರೆ ವಯರ್ ಅದಲುಬದಲಾಗಿದೆ. ಹಾಗೇ ಚುಚ್ಚಿದರೆ ಹೊಸ ಬೋರ್ಡು ಕಣ್ಣೆದುರೇ ಹೊಗೆಯಾಡುತ್ತದೆ. ಸೆಲ್ಲಿನ ಜಾತಿ, ಸಂಖ್ಯೆ, ಆಂಪಿಯರ್ ಮೂರೂ ಹಳೆಯದಕ್ಕೆ ಹೊಂದಲೇಬೇಕು.

ಕಾರುಗಳ ವಿಷಯ ಒಂದೇ ಮಾತು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ. ಅಲ್ಲಿರುವುದು ನೂರಾರು ವೋಲ್ಟು. ಕಾರಿನ ದೋಷ ಓದುವ ಒಬಿಡಿ ಸ್ಕ್ಯಾನರ್ ಹಾಕಿ ಕೋಡ್ ಓದಿ, ಬರೆದುಕೊಳ್ಳಿ. ಪಿ0ಎಎ6 ಬಂದರೆ ಹೈ ವೋಲ್ಟೇಜ್ ಎಲ್ಲೋ ಕಾರಿನ ಲೋಹದ ಮೈಗೆ ಸೋರುತ್ತಿದೆ ಅಂತ ಅರ್ಥ. ಅದನ್ನು ಅಳಿಸಿ ಓಡಿಸಬಾರದು, ತರಬೇತಿ ಇರುವವರೇ ನೋಡಬೇಕು.

ಯಜಮಾನರ ಪ್ಯಾಕಿಗೆ ಆಗಿದ್ದು ಇಷ್ಟು. ಕಿಲುಬು ಹಿಡಿದ ವಯರನ್ನು ಎರಡಿಂಚು ಕತ್ತರಿಸಿದಾಗ ಒಳಗಿನ ತಾಮ್ರ ಹೊಳೆಯಿತು. ಹೊಸ ಲಗ್ ಒತ್ತಿ, ಬೆಸುಗೆ ಹಾಕಿ, ಪಟ್ಟಿಯನ್ನು ಉಜ್ಜಿ ಕೂರಿಸಿದೆ. ಮುಚ್ಚಳಕ್ಕೆ ಹೊಸ ಬೀಡಿಂಗ್ ಹಾಕಿದೆ. ಹೊಸ ಬೋರ್ಡನ್ನು ಸೀಲ್ ಒಡೆಯದೆ ವಾಪಸ್ ಕೈಗಿಟ್ಟು, ಬಿಲ್ ಇದ್ದರೆ ಅಂಗಡಿಗೆ ಮರಳಿಸಿ ಅಂದೆ. ರಾತ್ರಿ ಪೂರ್ತಿ ಚಾರ್ಜ್ ಆದ ಮೇಲೆ ಆ್ಯಪಿನ ಅಂಕಿಗಳ ಫೋಟೋ ತೆಗೆದು ಕಳಿಸಲು ಅವರ ಮಗನಿಗೆ ಹೇಳಿದೆ. ಎಂಟನೆಯ ದಿನ ಅವರೇ ಬಂದರು, ಅದೇ ಕ್ಯಾನುಗಳ ಜೊತೆ. ಮತ್ತೆ ಮೀಟರ್ ಹಿಡಿದು ಹದಿನಾರೂ ಬರೆದುಕೊಂಡೆವು. ಒಂಬತ್ತನೆಯದು 3.312, ಹತ್ತನೆಯದು 3.310. ಇನ್ನೊಂದು ತಿಂಗಳಿಗೆ ಮತ್ತೊಮ್ಮೆ ಅಳೆಯಲು ನೋಟ್‌ಬುಕ್ಕಿನಲ್ಲಿ ಪಕ್ಕದ ಸಾಲನ್ನು ಖಾಲಿ ಬಿಟ್ಟಿದ್ದೇನೆ.